ಇರುಳು ಮರದ ದಾರಂದ (ಬಾಗಿಲಿನ ಚೌಕಟ್ಟು) ಸೀಳದಂತೆ, ತಿರುಚದಂತೆ ಮಾಡಿಸುವುದು ಹೇಗೆ: ದಿಮ್ಮಿಯಿಂದ ಗೋಡೆಯವರೆಗೆ

ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕ, ಪೆರ್ಲ, ಮುಳ್ಳೇರಿಯ ಕಡೆಯಿಂದ ನನಗೆ ಬರುವ ಫೋನುಗಳಲ್ಲಿ ದೂರು ಹೆಚ್ಚುಕಡಿಮೆ ಒಂದೇ. "ಇರುಳಿನ ದಾರಂದ ಹಾಕಿಸಿದ್ದೆವು, ಮನೆ ಒಕ್ಕಲಾಗಿ ಆರು ತಿಂಗಳಿಗೆ ಸೀಳು ಬಿಟ್ಟಿದೆ." "ಮಳೆಗಾಲದಲ್ಲಿ ಬಾಗಿಲು ಕಚ್ಚುತ್ತದೆ, ಬೇಸಗೆಯಲ್ಲಿ ಬೆರಳು ತೂರುವಷ್ಟು ಎಡೆ." "ಬಿಜಾಗ್ರಿಯ ಸ್ಕ್ರೂ ಅರ್ಧಕ್ಕೇ ಮುರಿಯಿತು." ಬೈಗುಳ ಬೀಳುವುದು ಆಚಾರಿಗೆ, ಇಲ್ಲದಿದ್ದರೆ ಮರಕ್ಕೆ. ಹೋಗಿ ನೋಡಿದರೆ ಹೆಚ್ಚಿನ ಕಡೆ ತಪ್ಪಿದ್ದು ಕೆಲಸದ ಕ್ರಮ. ಹಸಿ ಮರವನ್ನು ಮೊದಲು ಜೋಡಿಸಿ, ಆಮೇಲೆ ಗೋಡೆಯೊಳಗೆ ಒಣಗಲು ಬಿಟ್ಟಿರುತ್ತಾರೆ. ಹಲಸಾದರೆ ಸ್ವಲ್ಪ ಕ್ಷಮಿಸೀತು. ಇರುಳು ಕ್ಷಮಿಸುವುದಿಲ್ಲ.

ನಾವು ಮಲಯಾಳದವರ ಬಾಯಿಂದ ಕೇಳಿ ಇರುಳು ಎನ್ನುವ ಮರವನ್ನೇ ಬಡಗು ಕಡೆಯವರು ಜಂಬೆ ಎನ್ನುತ್ತಾರೆ. ತಿರುವ ಎಂದರೂ ಅದೇ. ಸಸ್ಯಶಾಸ್ತ್ರದವರ ಪಟ್ಟಿಯಲ್ಲಿ ಕ್ಸೈಲಿಯಾ ಕ್ಸೈಲೋಕಾರ್ಪ. ಚೆನ್ನಾಗಿ ಒಣಗಿದ ಮೇಲೂ ಒಂದು ಘನ ಅಡಿ ಸುಮಾರು 25 ಕೆ.ಜಿ. ತೂಗುತ್ತದೆ, ತೇಗವಾದರೆ 18ರ ಆಸುಪಾಸು. ಮುಂದೆ ಹೇಳುವ ತೊಂದರೆಗಳೆಲ್ಲ ಹುಟ್ಟುವುದು ಈ ದಟ್ಟಣೆಯಿಂದ: ನೀರು ನಿಧಾನವಾಗಿ ಹೊರಬರುತ್ತದೆ, ಉಳಿ ಬೇಗ ಮೊಂಡಾಗುತ್ತದೆ, ಮೊಳೆ ಒಳಗೆ ಹೋಗಲು ಒಪ್ಪುವುದಿಲ್ಲ.

ಹಂತ 1: ಎಲ್ಲಿ ಇರುಳು, ಎಲ್ಲಿ ಬೇಡ

ದಾರಂದ, ಕಿಟಕಿಯ ಚೌಕಟ್ಟು, ತೊಲೆ, ಕಂಬ, ಮೆಟ್ಟಿಲಿನ ಹಲಗೆ, ಹಟ್ಟಿಯ ಗೂಟ: ಇವಕ್ಕೆಲ್ಲ ಇರುಳು ಸರಿ. ಬಾಗಿಲಿನ ಪಡಿಗೆ, ಅಂದರೆ ತೆರೆದು ಮುಚ್ಚುವ ಕದಕ್ಕೆ, ಬೇಡ. 6 ಮುಕ್ಕಾಲು ಅಡಿ ಎತ್ತರ, 3 ಅಡಿ ಅಗಲ, ಒಂದೂಕಾಲು ಇಂಚು ದಪ್ಪದ ಪಡಿ ಇಡಿಯಾಗಿ ಇರುಳಿನದಾದರೆ 50 ಕೆ.ಜಿ. ದಾಟುತ್ತದೆ. ಮೂರು ಬಿಜಾಗ್ರಿ ಎಷ್ಟು ದಿನ ಹೊತ್ತಾವು? ಪಡಿಗೆ ಹಲಸೋ ತೇಗವೋ ಇರಲಿ.

ಮುಕ್ಕಾಲು ಇಂಚಿನ ತೆಳು ಹಲಗೆ, ಕಪಾಟಿನ ಬಾಗಿಲು, ಕುಸುರಿ ಕೆತ್ತನೆ ಇವಕ್ಕೂ ಇದನ್ನು ಎಳೆದು ತರಬೇಡಿ. ಮಾಡಬಹುದು, ಆದರೆ ಆಚಾರಿಯ ಮಜೂರಿ ಮರದ ಬೆಲೆಯನ್ನು ಮೀರುತ್ತದೆ.

ಹಂತ 2: ಮರ ನೋಡಿ, ಕಾಗದ ನೋಡಿ, ಅಳತೆ ನೋಡಿ

ಮೂರನ್ನೂ ಹಣ ಕೊಡುವ ಮೊದಲೇ ಮಾಡಬೇಕು.

ಇರುಳಿನ ಚೇಗು (ಒಳಗಿನ ಗಟ್ಟಿ ಮರ) ಕೆಂಪುಗಂದು, ಅದರ ಸುತ್ತ ತೆಳುವಾದ ಬಿಳಿ ಪದರ. ಒರಲೆ ಮುಟ್ಟಲು ಹಿಂಜರಿಯುವುದು ಚೇಗನ್ನು ಮಾತ್ರ, ಬಿಳಿಯನ್ನು ಬೇರೆ ಯಾವ ಮರದಂತೆಯೇ ತಿನ್ನುತ್ತದೆ. "ಇರುಳಿಗೂ ಒರಲೆ ಹಿಡಿಯಿತು" ಎಂದು ಕರೆದ ಮನೆಗೆ ಹೋದಾಗ ನಾನು ಕಂಡದ್ದು ಬಿಳಿ ಬಿಡಿಸದೆ ಕೂರಿಸಿದ ದಾರಂದ. ಕರಿಮತ್ತಿಯನ್ನು ಇರುಳು ಎಂದು ದಾಟಿಸುವವರೂ ಇದ್ದಾರೆ. ಮತ್ತಿಯ ಬಣ್ಣ ಕಂದಿಗೆ ವಾಲುತ್ತದೆ, ಉದ್ದಕ್ಕೆ ಕಪ್ಪು ಗೆರೆಗಳಿರುತ್ತವೆ. ಬರ್ಮಾದಿಂದ ಬರುವ ಪಿಂಕಡೋ ಇರುಳಿನ ದಾಯಾದಿಯೇ, ಅದಕ್ಕೆ ಹೆದರಬೇಕಾಗಿಲ್ಲ. ಹೆಸರೇ ಗೊತ್ತಿಲ್ಲದ ಕೆಂಪು ಆಮದು ಮರವನ್ನು ಯಾರಾದರೂ ಇರುಳು ಎಂದು ಹೇಳಿ ಕೊಟ್ಟರೆ ತಕ್ಕಡಿಗೆ ಹಾಕಿ. 4 ಇಂಚು, 3 ಇಂಚಿನ ಪಟ್ಟಿಯಿಂದ ಕತ್ತರಿಸಿದ ಒಂದು ಅಡಿ ತುಂಡು, ಒಣ ಇರುಳಾದರೆ 2 ಕೆ.ಜಿ.ಗಿಂತ ತುಸು ಮೇಲೆ ತೂಗಬೇಕು. ಒಂದೂವರೆಯಲ್ಲೇ ನಿಂತರೆ ಅದು ಇರುಳಲ್ಲ. ಎರಡೂವರೆ ದಾಟಿದರೆ ಒಳಗೆ ಇನ್ನೂ ನೀರು ಇರುವ ಸಾಧ್ಯತೆಯೇ ಹೆಚ್ಚು.

ನಿಮ್ಮ ಜಾಗದ್ದೇ ಮರವಾದರೂ ಕೊಡಲಿ ಹಾಕುವ ಮೊದಲು ಅರಣ್ಯ ಇಲಾಖೆಯ ರೇಂಜ್ ಆಫೀಸಿಗೆ ಹೋಗಿ ಬನ್ನಿ. ಅರಣ್ಯೇತರ ಜಾಗಗಳ ಮರಗಳ ಬಗ್ಗೆ ಕೇರಳ 2005ರಲ್ಲಿ ಮಾಡಿದ ಕಾಯ್ದೆಯ ವಿಶೇಷ ಪಟ್ಟಿಯಲ್ಲಿ ಗಂಧ, ತೇಗ, ಬೀಟೆಗಳ ಜೊತೆ ಇರುಳೂ ಇದೆ. ಸರಕಾರ ಪಟ್ಟೆ ಮಾಡಿಕೊಟ್ಟ ಜಾಗದ ಮರಕ್ಕೆ ನಿಯಮ ಬೇರೆ. ತಲಪಾಡಿ ದಾಟಿಸಿ ಮಂಗಳೂರಿಗೋ, ಆಚೆ ಪುತ್ತೂರಿಗೋ ಒಯ್ಯುವುದಾದರೆ ಆ ಕಡೆಯ ಇಲಾಖೆಯನ್ನೂ ಮೊದಲೇ ಕೇಳಿ. ಲಾರಿ ತುಂಬಿದ ಮೇಲೆ ಕೇಳುವ ಪ್ರಶ್ನೆ ಇದಲ್ಲ.

ಇನ್ನು ಅಳತೆ. ದಿಮ್ಮಿಯ ನಡುವಿನ ಸುತ್ತಳತೆಯನ್ನು ಇಂಚಿನಲ್ಲಿ ತೆಗೆದು ನಾಲ್ಕರಿಂದ ಭಾಗಿಸಿ. ಬಂದದ್ದನ್ನು ಅದರಿಂದಲೇ ಗುಣಿಸಿ, ಅಡಿಯಲ್ಲಿರುವ ಉದ್ದದಿಂದ ಮತ್ತೆ ಗುಣಿಸಿ, 144ರಿಂದ ಭಾಗಿಸಿ. 48 ಇಂಚು ಸುತ್ತಳತೆಯ 10 ಅಡಿ ದಿಮ್ಮಿ ಹೀಗೆ 10 ಘನ ಅಡಿ. ಅದರೊಳಗೆ ನಿಜವಾಗಿ ಇರುವ ಮರ ಸುಮಾರು 12.7 ಘನ ಅಡಿ. ಸಿಪ್ಪೆ, ತೊಗಟೆ, ಗರಗಸದ ಹುಡಿಗೆಂದು ಲೆಕ್ಕವೇ ಅಷ್ಟನ್ನು ಮೊದಲೇ ಬಿಟ್ಟುಕೊಡುತ್ತದೆ. ಆದ್ದರಿಂದ "ವೇಸ್ಟಿಗೆ" ಎಂದು ವ್ಯಾಪಾರಿ ಮತ್ತೊಮ್ಮೆ ಕಳೆದರೆ, ನೀವು ಮಾರುವವರಾಗಿದ್ದಲ್ಲಿ ಒಪ್ಪಬೇಡಿ.

7 ಅಡಿಯ ಎರಡು ಕಂಬ, 4 ಅಡಿಯ ಎರಡು ಅಡ್ಡ, ಎಲ್ಲ 5 ಇಂಚು, 3 ಇಂಚಿನವು: ಇಂಥ ಒಂದು ದಾರಂದಕ್ಕೆ ಸಿದ್ಧ ಮರ 2.3 ಘನ ಅಡಿ ಬೇಕು. ತೂಕ 58 ಕೆ.ಜಿ. ಹತ್ತಿರ. ಎತ್ತಿ ನಿಲ್ಲಿಸಲು ಇಬ್ಬರು ಬೇಕೆಂದು ಈಗಲೇ ಬರೆದಿಟ್ಟುಕೊಳ್ಳಿ.

ಹಂತ 3: ಮಿಲ್ಲಿನಲ್ಲಿ ಸೀಳಿಸುವುದು

ಇರುಳನ್ನು ಹಸಿಯಿರುವಾಗಲೇ ಸೀಳಿಸಬೇಕು. ಒಣಗಿದ ದಿಮ್ಮಿ ಮಿಲ್ಲಿನ ಬ್ಲೇಡನ್ನು ತಿನ್ನುತ್ತದೆ, ಮಿಲ್ಲಿನವರು ಬರಿಯ ಮುಖ ನೋಡಿಯೇ ಬೇಡ ಎನ್ನುತ್ತಾರೆ. ಕಾಲ ಯಾವುದು ಎಂಬುದೂ ಮುಖ್ಯ. ಆಟಿ ಕಳೆದು ಸೋಣ ತಿಂಗಳಲ್ಲಿ (ಆಗಸ್ಟ್ ನಡುವಿನಿಂದ ಸೆಪ್ಟೆಂಬರ್ ನಡುವಿನವರೆಗೆ), ಗಾಳಿಯಲ್ಲಿ ಇನ್ನೂ ತೇವವಿರುವಾಗ ಸೀಳಿಸಿದರೆ ಮರ ಮೊದಲ ಎರಡು ಮೂರು ತಿಂಗಳು ನಿಧಾನವಾಗಿ ನೀರು ಬಿಡುತ್ತದೆ, ಮೈ ಒಡೆಯುವುದು ಕಡಿಮೆ. ಮಾರ್ಚಿನಲ್ಲಿ ಸೀಳಿಸಿ ಅಂಗಳದಲ್ಲಿ ಹರಡಿದರೆ ಒಂದೇ ವಾರದಲ್ಲಿ ಕೂದಲಿನಂಥ ಸೀಳು ಕಾಣುತ್ತದೆ.

ಸೀಳಿಸಲು ತಿಂಗಳುಗಟ್ಟಲೆ ಕಾಯಬೇಕಾದರೆ ದಿಮ್ಮಿಯನ್ನು ಕೆರೆಗೋ ಮದಕಕ್ಕೋ ಇಳಿಸಿಡಿ, ಆದರೆ ಹಗ್ಗ ಕಟ್ಟಿ ಇಳಿಸಿ. ಹಸಿ ಇರುಳು ತೇಲುವುದಿಲ್ಲ. ಇದನ್ನು ನಾನು ಒಂದು ದಿಮ್ಮಿ ಕೆಸರಿನೊಳಗೆ ಹೋದ ಮೇಲೆ ಕಲಿತೆ.

ಮಿಲ್ಲಿನಲ್ಲಿ ನೀವೇ ನಿಂತು ಹೇಳಬೇಕಾದ ಮಾತು ಎರಡು. ಒಂದು, ದಿಮ್ಮಿಯ ನಟ್ಟನಡುವಿನ ತಿರುಳು ಯಾವ ಕಂಬದೊಳಗೂ ಉಳಿಯಬಾರದು. ನಡುವಿನಲ್ಲಿ ಕೊಯ್ದು ಅದು ಬದಿಗೆ ಬೀಳುವಂತೆ ಮಾಡಿ ಬಿಡಿಸಬೇಕು. ತಿರುಳನ್ನು ಒಳಗಿಟ್ಟುಕೊಂಡ ಕಂಬ ಎಷ್ಟು ಜೋಪಾನ ಮಾಡಿದರೂ ಸೀಳುತ್ತದೆ. ಎರಡು, ಸಿದ್ಧ ಅಳತೆ 5 ಮತ್ತು 3 ಆದರೆ ಐದೂವರೆ ಮತ್ತು ಮೂರೂವರೆಗೆ ಸೀಳಿಸಬೇಕು. ಒಣಗುವಾಗ ಕುಗ್ಗುವುದಕ್ಕೆ, ಡೊಂಕಾದರೆ ಕೀಸುವುದಕ್ಕೆ ಆ ಅರ್ಧ ಇಂಚು. ಉದ್ದವನ್ನೂ ಎರಡೂ ತುದಿಗೆ 3 ಇಂಚು ಹೆಚ್ಚೇ ಇಡಿ.

ಮನೆಗೆ ತಂದ ದಿನವೇ ಎಲ್ಲ ತುದಿಗಳಿಗೂ ಹಳೆಯ ಆಯಿಲ್ ಪೈಂಟ್ ಅಥವಾ ಕರಗಿಸಿದ ಮೇಣ ದಪ್ಪವಾಗಿ ಬಳಿಯಿರಿ. ನೀರು ತುದಿಯಿಂದ ಬೇಗ, ಮೈಯಿಂದ ನಿಧಾನವಾಗಿ ಹೋಗುವುದರಿಂದಲೇ ತುದಿ ಮೊದಲು ಬಿರಿಯುವುದು. "ನಾಳೆ ಬಳಿಯುವ" ಎಂದವರ ಮರದಲ್ಲಿ ನಾಳೆಗೇ ಸೀಳು ಇರುತ್ತದೆ.

ಹಂತ 4: ಒಣಗಿಸುವುದು

ಎಲ್ಲರೂ ಸೋಲುವುದು ಈ ಹಂತದಲ್ಲಿ. ಮೂರೂವರೆ ಇಂಚಿನ ಇರುಳು ನೆರಳಿನಲ್ಲಿ ಒಣಗಲು ನಮ್ಮ ಊರಿನ ಗಾಳಿಯಲ್ಲಿ ಸುಮಾರು ಒಂದೂವರೆ ವರ್ಷ ಹಿಡಿಯುತ್ತದೆ. ಸೋಣದಲ್ಲಿ ಸೀಳಿಸಿದ್ದು ಮರುವರ್ಷದ ಬೇಸಗೆ, ಮಳೆಗಾಲ ಎರಡನ್ನೂ ದಾಟಿ, ಅದರಾಚೆಯ ಫೆಬ್ರವರಿ ಮಾರ್ಚಿಗೆ ಕೆಲಸಕ್ಕೆ ಬರುತ್ತದೆ. ಹಾಗಾಗಿ ಮನೆಯ ಪಂಚಾಂಗ (ಅಡಿಪಾಯ) ಹಾಕಿಸುವ ಮೊದಲು ಮರ ಸೀಳಿಸಬೇಕು. ಜನ ಮಾಡುವುದು ಇದರ ತಿರುಗು ಮುರುಗು.

ಜಾಗ: ಮೇಲೆ ಮಾಡು, ನಾಲ್ಕೂ ಕಡೆ ಗಾಳಿ, ನೇರ ಬಿಸಿಲಿಲ್ಲ, ಮಳೆಯ ಇರಚಲಿಲ್ಲ. ನೆಲದಿಂದ ಒಂದೂವರೆ ಅಡಿ ಎತ್ತರದಲ್ಲಿ ಮುರಕಲ್ಲುಗಳನ್ನು ಒಂದೇ ಮಟ್ಟಕ್ಕೆ ಇಟ್ಟು ಅಡ್ಡಮರ ಹಾಕಿ. ಅದರ ಮೇಲೆ ಪಟ್ಟಿಗಳನ್ನು ಒಂದಕ್ಕೊಂದು ತಾಗದಂತೆ ಜೋಡಿಸಿ. ಪ್ರತಿ ಸಾಲಿನ ನಡುವೆ ಒಂದು ಇಂಚು ದಪ್ಪದ ಒಣ ರೀಪುಗಳು, ಎರಡು ಅಡಿಗೊಂದರಂತೆ, ಒಂದರ ನೇರಕ್ಕೇ ಇನ್ನೊಂದು. ರೀಪಿನ ಬದಲು ಅಡಿಕೆ ಸಲಾಕೆ ಇಡಬೇಡಿ. ತೋಟದಲ್ಲಿ ಪುಕ್ಕಟೆ ಸಿಗುತ್ತದೆ ನಿಜ, ಆದರೆ ಅದರ ದಪ್ಪ ಒಂದೇ ಸಮ ಇರುವುದಿಲ್ಲ. ಮರ ಅದೇ ಡೊಂಕನ್ನು ಕಲಿತು ಒಣಗುತ್ತದೆ. ರಾಶಿಯ ಮೇಲೆ ಮುರಕಲ್ಲು ಹೇರಿ.

ಮತ್ತೊಂದು ಹೊಸ ತಪ್ಪು ಶುರುವಾಗಿದೆ. ಅಡಿಕೆ ಒಣಗಿಸುವ ಪ್ಲಾಸ್ಟಿಕ್ ಹೊದಿಸಿದ ಸೋಲಾರ್ ಮನೆಯೊಳಗೆ ಮರವನ್ನೂ ಇಡುವುದು. ಒಳಗಿನ ಸೆಕೆಗೆ ಹೊರಮೈ ಬೇಗ ಒಣಗಿ ಗಟ್ಟಿಯಾಗುತ್ತದೆ, ಒಳಗಿನ ನೀರು ಒಳಗೇ ಉಳಿಯುತ್ತದೆ. ಹೊರಗೆ ಕುಗ್ಗಲು ನೋಡುತ್ತದೆ, ಒಳಗೆ ಬಿಡುವುದಿಲ್ಲ. ಕೊನೆಗೆ ಮೈ ಒಡೆಯುತ್ತದೆ. ಅಡಿಕೆಗೆ ಮಾಡಿದ ಮನೆ ಅಡಿಕೆಗೇ ಇರಲಿ.

ಒಣಗಿತೆಂದು ತಿಳಿಯುವುದು ಹೇಗೆ? ತಟ್ಟಿ ನೋಡಿ ಹೇಳುವ ಆಚಾರಿಗಳಿದ್ದಾರೆ. ನನಗೆ ಆ ಕಿವಿ ಇಲ್ಲ. ನಾನು ಮಾಡುವುದು ಇಷ್ಟು. ಸೀಳಿಸಿದ ದಿನವೇ ಅದೇ ಮರದ ಎರಡು ಅಡಿ ತುಂಡೊಂದರ ತುದಿಗಳಿಗೆ ಪೈಂಟ್ ಬಳಿದು ರಾಶಿಯ ನಡುವೆ, ಎಳೆದು ತೆಗೆಯುವಂತೆ ಇಡುತ್ತೇನೆ. ಪ್ರತಿ ತಿಂಗಳು ಒಂದನೇ ತಾರೀಕಿಗೆ ಅಡಿಕೆ ತೂಗುವ ಡಿಜಿಟಲ್ ತಕ್ಕಡಿಯಲ್ಲಿ ತೂಗಿ ಅದರ ಮೈಮೇಲೇ ಚಾಕಿನಲ್ಲಿ ಬರೆಯುತ್ತೇನೆ. ಬೇಸಗೆಯಲ್ಲಿ ಎರಡು ತಿಂಗಳು ಸಾಲಾಗಿ ತೂಕ ನೂರಕ್ಕೆ ಒಂದರಷ್ಟೂ ಇಳಿಯದಿದ್ದರೆ ಒಣಗಿದೆ ಎಂದು ಲೆಕ್ಕ. ಬೇಸಗೆಯಲ್ಲಿ ಎಂಬ ಮಾತನ್ನು ಮರೆಯಬೇಡಿ. ಜುಲೈಯಲ್ಲಿ ತೂಕ ಇಳಿಯುವುದು ತಾನಾಗಿಯೇ ನಿಲ್ಲುತ್ತದೆ, ಕೆಲವೊಮ್ಮೆ ಏರುವುದೂ ಉಂಟು. ಅದು ಗಾಳಿಯ ತೇವ, ಮರ ಒಣಗಿದ ಗುರುತಲ್ಲ. ತೇವದ ಮೀಟರ್ ಇರುವವರು ಹೊರಮೈಗೆ ಮುಳ್ಳು ಚುಚ್ಚಿ ನಂಬಬೇಡಿ. ತುಂಡನ್ನು ನಡುವಿನಲ್ಲಿ ಕೊಯ್ದು ಒಳಗೆ ಚುಚ್ಚಿ. ತೇವ ನೂರಕ್ಕೆ 15ರ ಆಸುಪಾಸು ತೋರಿಸಿದರೆ ನಮ್ಮ ಕರಾವಳಿಗೆ ಸಾಕು.

ಎಚ್ಚರಿಕೆಯ ಗುರುತುಗಳು: ತುದಿಯ ಪೈಂಟಿನ ಅಡಿಯಿಂದ ಸೀಳು ಇಣುಕಿದರೆ ಗಾಳಿ ಹೆಚ್ಚಾಗಿದೆ, ಆ ಕಡೆ ಗೋಣಿ ಇಳಿಬಿಡಿ. ಬೂಷ್ಟು ಹಿಡಿದರೆ ಗಾಳಿ ಕಡಿಮೆ, ಗೋಣಿ ಎತ್ತಿ. ಬಿಳಿ ಭಾಗದಿಂದ ನಯವಾದ ಹುಡಿ ಉದುರುತ್ತಿದ್ದರೆ ಹುಳ ಬಿದ್ದಿದೆ, ಬಿಳಿಯನ್ನು ಕೂಡಲೇ ಕೆತ್ತಿ ತೆಗೆಯಿರಿ.

ಕಾಯಲು ಆಗದವರಿಗೆ

ಹಳೆ ಮನೆ ಕೆಡಹಿದಲ್ಲಿ ಸಿಗುವ ತೊಲೆ, ಪಕ್ಕಾಸು ತನ್ನಿ. ಹತ್ತಾರು ವರ್ಷ ಮಾಡಿನಡಿ ಒಣಗಿದ ಮರಕ್ಕಿಂತ ಒಣಗಿದ ಮರವನ್ನು ಯಾವ ಮಿಲ್ಲೂ ಕೊಡುವುದಿಲ್ಲ. ಆದರೆ ಮೊಳೆ ಹುಡುಕುವ ಕೆಲಸ ನಿಮ್ಮದು. ಹಾಳಾದ ಸ್ಪೀಕರಿನ ಆಯಸ್ಕಾಂತವನ್ನು ದಾರಕ್ಕೆ ಕಟ್ಟಿ ನಾಲ್ಕೂ ಮುಖಕ್ಕೆ ಎಳೆಯಿರಿ. ಒಳಗೆ ತಲೆ ಮುರಿದು ಕುಳಿತ ಮೊಳೆಯನ್ನೂ ಅದು ತೋರಿಸುತ್ತದೆ. ಒಮ್ಮೆ ಮೂರು ಮುಖ ನೋಡಿ ನಾಲ್ಕನೆಯದನ್ನು ಬಿಟ್ಟೆ. ಮಿಲ್ಲಿನ ಬ್ಲೇಡಿನ ಹಣ ನಾನೇ ಕೊಟ್ಟು ಬಂದೆ.

ಹಂತ 5: ಹತಾರುಗಳನ್ನು ಮೊದಲು ಸಿದ್ಧ ಮಾಡಿ

ಗರಗಸ ಮೆಶಿನ್ನಿಗೆ ಕಾರ್ಬೈಡ್ ಹಲ್ಲಿನ ಬ್ಲೇಡ್, ಎರಡು ಅಂಗುಲದ ಕೀಸುಳಿ, ಅರ್ಧ ಮತ್ತು ಒಂದು ಇಂಚಿನ ಉಳಿ, ಮರದ ಕೊಡತಿ, ಮೂಲೆಮಟ್ಟ, ಡ್ರಿಲ್ಲು, 3 ಮತ್ತು 4.5 ಮಿ.ಮೀ. ಬಿಟ್ಟುಗಳು, ಸಾಣೆಕಲ್ಲು, ಮೇಣದ ಬತ್ತಿ, ಮಾಸ್ಕು.

ಉಳಿಯ ಅಂಚಿನ ಕೋನ ಹಲಸಿಗೆ 25 ಡಿಗ್ರಿ ಸಾಕಾದರೆ ಇಲ್ಲಿ 30ರಿಂದ 35 ಬೇಕು. ತೆಳು ಅಂಚು ಮೊದಲ ಏಟಿಗೇ ಹಲ್ಲು ಮುರಿದುಕೊಳ್ಳುತ್ತದೆ. ಸಾಣೆಕಲ್ಲು ಪಕ್ಕದಲ್ಲೇ ಇರಲಿ, ಹತ್ತು ಹದಿನೈದು ನಿಮಿಷಕ್ಕೊಮ್ಮೆ ಮಸೆಯಬೇಕಾಗುತ್ತದೆ. ಕೀಸುಳಿಯಿಂದ ಸುರುಳಿ ಬರುತ್ತಿದ್ದದ್ದು ಹುಡಿಯಾಗಿ ಬರತೊಡಗಿದರೆ, ಬ್ಲೇಡು ಹೋದಲ್ಲಿ ಮರ ಕಪ್ಪಾಗಿ ಹೊಗೆ ಬಂದರೆ, ಕೈಯ ಬಲ ಹೆಚ್ಚಿಸಬೇಡಿ. ಹತಾರು ಮೊಂಡಾಗಿದೆ.

ಮಾಸ್ಕು ಶೋಕಿಗಲ್ಲ. ಇರುಳಿನ ಹುಡಿ ಮೂಗಿಗೆ ಹೋದರೆ ಸೀನು ನಿಲ್ಲುವುದಿಲ್ಲ. ಮರದ ಹುಡಿಯನ್ನು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 1995ರಲ್ಲೇ ಕ್ಯಾನ್ಸರ್ ತರುವ ವಸ್ತುಗಳ ಸಾಲಿಗೆ ಸೇರಿಸಿದೆ.

ಹಂತ 6: ಕೀಸುವುದು, ತೂತು ಕೊರೆಯುವುದು

ಇರುಳಿನ ನಾರು ಒಂದು ಪಟ್ಟಿಯಲ್ಲಿ ಬಲಕ್ಕೆ ವಾಲಿದರೆ ಪಕ್ಕದ ಪಟ್ಟಿಯಲ್ಲಿ ಎಡಕ್ಕೆ ವಾಲಿರುತ್ತದೆ. ಯಾವ ಕಡೆಯಿಂದ ಕೀಸಿದರೂ ಅರ್ಧ ಮೈ ನಯ, ಅರ್ಧ ಮೈ ಕಿತ್ತು ಬರುತ್ತದೆ. ಕೀಸುಳಿಯ ಅಲಗನ್ನು ಕೂದಲೆಳೆಯಷ್ಟೇ ಹೊರಗಿಟ್ಟು, ಓರೆಯಾಗಿ ಹಿಡಿದು ತಳ್ಳಿ. ಆದರೂ ಕಿತ್ತ ಜಾಗಕ್ಕೆ ನಮ್ಮ ಹಳೆಯ ಆಚಾರಿಯ ಉಪಾಯವೇ ಉಪಾಯ: ಒಡೆದ ಗಾಜಿನ ಚೂರಿನ ಅಂಚಿನಿಂದ ಹೆರೆಯುವುದು. ಕೈಗೆ ದಪ್ಪ ಬಟ್ಟೆ ಸುತ್ತಿಕೊಳ್ಳಿ. ಮರಳು ಕಾಗದದಿಂದಲೇ ಸರಿ ಮಾಡುತ್ತೇನೆಂದು ಕೂತರೆ ಸಂಜೆಯಾಗುತ್ತದೆ.

ಮೊಳೆ ನೇರ ಹೊಡೆಯಬೇಡಿ. ಒಂದೋ ಮೊಳೆ ಬಾಗುತ್ತದೆ, ಇಲ್ಲ ಮರ ಸೀಳುತ್ತದೆ. 8ನೇ ನಂಬರಿನ ಸ್ಕ್ರೂಗೆ ಮೊದಲು 3 ಮಿ.ಮೀ. ತೂತು, ಸ್ಕ್ರೂವಿನ ಪೂರ್ತಿ ಉದ್ದಕ್ಕೆ. ಮೇಲ್ಭಾಗದಲ್ಲಿ ನುಣುಪು ಕುತ್ತಿಗೆ ಕೂರುವಷ್ಟಕ್ಕೆ 4.5 ಮಿ.ಮೀ. ಡ್ರಿಲ್ಲಿನ ಬಿಟ್ಟನ್ನು ಆಗಾಗ ಹೊರಗೆಳೆದು ಹುಡಿ ತೆಗೆಯದಿದ್ದರೆ ಒಳಗೇ ಬಿಸಿಯೇರಿ ಮುರಿಯುತ್ತದೆ. ಸ್ಕ್ರೂವಿನ ಪಲುಕಿಗೆ ಮೇಣದ ಬತ್ತಿ ಉಜ್ಜಿ. ಸಾಬೂನು ಉಜ್ಜುವವರಿದ್ದಾರೆ, ಸಾಬೂನು ತೇವ ಎಳೆದು ಕಬ್ಬಿಣಕ್ಕೆ ತುಕ್ಕು ಹಿಡಿಸುತ್ತದೆ.

ಹಿತ್ತಾಳೆಯ ಸ್ಕ್ರೂ ಹಾಕುವವರು ಮೊದಲು ಅದೇ ಅಳತೆಯ ಸ್ಟೀಲಿನ ಸ್ಕ್ರೂ ಪೂರ್ತಿ ತಿರುಗಿಸಿ, ಬಿಚ್ಚಿ, ಆ ದಾರಿಯಲ್ಲಿ ಹಿತ್ತಾಳೆಯದನ್ನು ಕೂರಿಸಿ. ನೇರ ಹಿತ್ತಾಳೆಗೇ ಬಲ ಹಾಕಿದರೆ ತಲೆ ಕೈಗೆ ಬರುತ್ತದೆ, ಉಳಿದದ್ದು ಮರದೊಳಗೆ. ಫೋನಿನಲ್ಲಿ ಕೇಳುವ ಸ್ಕ್ರೂ ಕತೆಗಳೆಲ್ಲ ಇಲ್ಲಿಗೇ ಬಂದು ನಿಲ್ಲುತ್ತವೆ.

ಹಂತ 7: ಜೋಡಣೆ, ಗೋಡೆಗೆ ಕೂರಿಸುವುದು

ಕಂಬದ ತುದಿಯ ನಾಲಿಗೆ ಅಡ್ಡದ ತೂತಿಗೆ ಕೊಡತಿಯ ಮೆಲು ಏಟಿಗೆ ಹೋಗಬೇಕು. ಹಲಸಿನಲ್ಲಿ ತುಸು ಬಿಗಿಯಿದ್ದರೆ ಮರವೇ ಅಮುಕಿಕೊಂಡು ಜಾಗ ಮಾಡುತ್ತದೆ. ಇರುಳು ಅಮುಕುವುದಿಲ್ಲ, ತೂತಿನ ಬದಿ ಬಿರಿಯುತ್ತದೆ. ಏಟಿನ ಸದ್ದು ಥಟ್ಟನೆ ಬದಲಾದರೆ ನಿಲ್ಲಿಸಿ, ನಾಲಿಗೆಯನ್ನು ಕೀಸಿ.

ಅಂಟನ್ನೇ ನಂಬಬೇಡಿ. ಹಾಕುವುದಿದ್ದರೆ ಅದೇ ದಿನ ಕೀಸಿದ ಮೈಗೆ ಹಾಕಿ, ಅದರ ಜೊತೆ ಮೂಲೆಗೆ ಎರಡು ಮರದ ಆಣಿ ಹೊಡೆಯಿರಿ. ಮೂಲೆಯಿಂದ ಮೂಲೆಗೆ ಟೇಪು ಹಿಡಿದಾಗ ಎರಡೂ ಕರ್ಣಗಳು ಸಮ ಬಂದ ಮೇಲೆ ನಡುವೆ ಮತ್ತು ಕೆಳಗೆ ಅಡ್ಡಪಟ್ಟಿ ಹೊಡೆದು ಬಿಗಿ ಮಾಡಿ. ಗಾರೆ ಪೂರ್ತಿ ಒಣಗುವವರೆಗೆ ಆ ಪಟ್ಟಿಗಳನ್ನು ತೆಗೆಯಬಾರದು. ಸಾರಣೆಯವನಿಗೆ ಅಡ್ಡ ಬರುತ್ತದೆಂದು ಅವನೇ ಕಿತ್ತು ಬಿಸಾಡುತ್ತಾನೆ, ಹತ್ತಿರ ಇರಿ.

ಗೋಡೆಗೆ ತಾಗುವ ಮುಖಕ್ಕೆ, ಕಂಬದ ಕಾಲಿಗೆ, ಅಡ್ಡದ ಕೋಡುಗಳಿಗೆ (ಗೋಡೆಯೊಳಗೆ ಚಾಚುವ ತುದಿಗಳಿಗೆ) ಗೇರೆಣ್ಣೆ ಎರಡು ಕೋಟು. ಗೇರುಬೀಜದ ಸಿಪ್ಪೆಯ ಈ ಎಣ್ಣೆ ಚರ್ಮ ಸುಡುತ್ತದೆ, ಗುಳ್ಳೆ ಬರುತ್ತದೆ. ಗ್ಲೌಸು ಹಾಕಿ, ಮೊಣಕೈವರೆಗೆ ತೆಂಗಿನೆಣ್ಣೆ ಹಚ್ಚಿಕೊಳ್ಳಿ, ಮಕ್ಕಳನ್ನು ದೂರವಿಡಿ. ಕಾಣುವ ಮುಖಕ್ಕೆ ತಾಗಿಸಬೇಡಿ, ಕಪ್ಪು ಹೋಗುವುದಿಲ್ಲ. ಹೊಸ್ತಿಲಿನ ಅಡಿಗೆ ಗ್ರಾನೈಟಿನ ಪಟ್ಟಿ ಇಟ್ಟರೆ ನೆಲ ಒರಸುವ ನೀರು ಮರದ ಬುಡದಲ್ಲಿ ನಿಲ್ಲುವುದಿಲ್ಲ.

ಹಂತ 8: ಎಣ್ಣೆ

ಕಾಣುವ ಮುಖಕ್ಕೆ ಬೇಯಿಸಿದ ಅಗಸೆ ಎಣ್ಣೆ. ಮೊದಲ ಕೋಟಿಗೆ ಸಮಪಾಲು ಟರ್ಪೆಂಟೈನ್ ಬೆರೆಸಿ. ಬರಿಯ ಎಣ್ಣೆಯನ್ನು ಈ ಮರ ಕುಡಿಯುವುದಿಲ್ಲ. ಅರ್ಧ ಗಂಟೆ ಬಿಟ್ಟು ಮೇಲೆ ಉಳಿದದ್ದನ್ನೆಲ್ಲ ಒರೆಸಿ. ಒರೆಸದಿದ್ದರೆ ಅಂಟಂಟಾಗಿ ಧೂಳು ಕೂರುತ್ತದೆ. ಎರಡು ಮೂರು ದಿನದ ಅಂತರದಲ್ಲಿ ಇನ್ನೆರಡು ತೆಳು ಕೋಟು. ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬೇಡಿ, ಅಗಸೆ ಎಣ್ಣೆಯ ಬಟ್ಟೆ ತನ್ನಷ್ಟಕ್ಕೇ ಬಿಸಿಯೇರಿ ಹೊತ್ತಿಕೊಳ್ಳುತ್ತದೆ. ಬಿಡಿಸಿ ಹೊರಗೆ ಒಣಹಾಕಿ, ಇಲ್ಲವೇ ನೀರಿನಲ್ಲಿ ಮುಳುಗಿಸಿಡಿ.

ಮನೆಯಲ್ಲಿ ಇದೆಯೆಂದು ತೆಂಗಿನೆಣ್ಣೆ ಹಚ್ಚುವವರಿಗೆ ಒಂದು ಮಾತು: ಅದು ಮರದ ಮೇಲೆ ಒಣಗುವ ಎಣ್ಣೆಯಲ್ಲ. ಒಂದು ವಾರ ಹೊಳೆಯುತ್ತದೆ, ಆಮೇಲೆ ಧೂಳು ಹಿಡಿದು ಆಟಿಯಲ್ಲಿ ಬೂಷ್ಟು ಬರುತ್ತದೆ. ಇರಚಲು ಬಡಿಯುವ ಹೊರಗಿನ ಮುಖಕ್ಕೆ ವಾರ್ನಿಷ್ ಕೂಡ ನನಗೆ ಇಷ್ಟವಿಲ್ಲ. ಎರಡು ಮಳೆಗಾಲಕ್ಕೆ ಸಿಪ್ಪೆ ಏಳುತ್ತದೆ, ಮತ್ತೆ ಹೆರೆಯುವ ಕೆಲಸ ನಿಮ್ಮ ತಲೆಗೆ. ಎಣ್ಣೆಯಾದರೆ ವರ್ಷಕ್ಕೊಮ್ಮೆ, ಎಪ್ರಿಲಿನಲ್ಲಿ, ಒರೆಸಿ ಹಚ್ಚಿದರೆ ಮುಗಿಯಿತು.

ಪಡಿ ಕೂರಿಸುವಾಗ ಮೇಲೆ ಮತ್ತು ಬೀಗದ ಕಡೆ 3 ಮಿ.ಮೀ. ಎಡೆ ಬಿಡಿ. ಮೊದಲ ಮಳೆಗಾಲದಲ್ಲಿ ಬಾಗಿಲು ಕಚ್ಚಿದರೆ ಕೂಡಲೇ ಕೀಸಲು ಹೋಗಬೇಡಿ. ಕಚ್ಚಿದ ಜಾಗಕ್ಕೆ ಪೆನ್ಸಿಲಿನಲ್ಲಿ ಗುರುತು ಹಾಕಿ ಜನವರಿಯವರೆಗೆ ಕಾಯಿರಿ, ಆಗಲೂ ಕಚ್ಚುತ್ತಿದ್ದರೆ ಅಷ್ಟನ್ನೇ ಕೀಸಿ. ಕೀಸಿದ ಅಂಚಿಗೆ ಅದೇ ದಿನ ಎಣ್ಣೆ ಹಚ್ಚಿ.